ಹಗ್ಗ ಯಾರ ಕೈಲಿದೆ, ಹೊಣೆ ಯಾರದು? ನಾಯಿ, ಹಸು, ಕುರಿ ಸಾಕಿದವರಿಗೆ ಕಾನೂನು ಹೇಳುವುದೇನು

2025ರ ಆಗಸ್ಟ್‌ನಿಂದ ನಾಯಿಗಳ ವಿಷಯ ಟೀ ಅಂಗಡಿಯಿಂದ ಡೇರಿ ಕಟ್ಟೆಯವರೆಗೆ ಎಲ್ಲ ಕಡೆ ಚರ್ಚೆಯಾಗುತ್ತಿದೆ. ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣದಲ್ಲಿ ಇಡಿ ಎಂದಿತು. ಅದೇ ತಿಂಗಳ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದವನ್ನೂ ಮೇಲೆರಗುವ ಸ್ವಭಾವದವನ್ನೂ ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆಯಬೇಕು, ಮತ್ತೆ ಅಲ್ಲಿಗೆ ಬಿಡಬಾರದು. ಹೆದ್ದಾರಿಗಳ ಮೇಲೆ ಅಲೆಯುವ ದನಕರುಗಳನ್ನೂ ತೆಗೆಯಬೇಕು.

ಕೊನೆಯ ಮಾತು ನಮ್ಮ ಕೋಲಾರದವರಿಗೆ ನೇರವಾಗಿ ತಟ್ಟುತ್ತದೆ. ಬೆಂಗಳೂರು ಕಡೆಯಿಂದ ಕೋಲಾರ, ಮುಳಬಾಗಿಲು ದಾಟಿ ಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲೇ ಎಷ್ಟೋ ಊರುಗಳಿವೆ. ಆ ಊರುಗಳ ಮನೆಗಳಲ್ಲಿ ಸೀಮೆಹಸು ಇದೆ, ಟೊಮೆಟೊ ತೋಟದಲ್ಲಿ ಕಾವಲು ನಾಯಿ ಇದೆ, ಕುರಿ ಮಂದೆ ಇದೆ. ಬೀದಿನಾಯಿಗೆ ನಗರಸಭೆ ಹೊಣೆ ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮದೇ ನಾಯಿ ಕಚ್ಚಿದರೆ? ನಮ್ಮ ಹಸು ರಸ್ತೆಗೆ ಬಂದು ಬೈಕ್ ಸವಾರ ಬಿದ್ದರೆ? ನಮ್ಮ ನಾಯಿಗೆ ಯಾರೋ ವಿಷ ಹಾಕಿದರೆ? ಈ ಪ್ರಶ್ನೆಗಳಿಗೆ ಉತ್ತರ ಕಾನೂನಿನಲ್ಲಿ ಇದೆ. ಹಲವು ಕಡೆ ಚದುರಿಕೊಂಡಿದೆ, ಅಷ್ಟೆ.

ಮಾಲೀಕರು ಅಂದರೆ ಯಾರು?

ದುಡ್ಡು ಕೊಟ್ಟು ತಂದವರೇ ಮಾಲೀಕರು ಅಂದುಕೊಳ್ಳುತ್ತೇವೆ. ಕಾನೂನು ಅದಕ್ಕಿಂತ ಅಗಲವಾಗಿ ನೋಡುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಆ ಹೊತ್ತಿನಲ್ಲಿ ಪ್ರಾಣಿ ಯಾರ ವಶದಲ್ಲಿದೆಯೋ ಅವರೂ ಮಾಲೀಕರೇ. ನಿಜವಾದ ಒಡೆಯರ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಸರಿ.

ಇದರ ಅರ್ಥ ಏನು ಅಂದರೆ, ಹಸು ಮೇಯಿಸಲು ಹೋದ ಆಳು, ಊರಿಗೆ ಹೋಗುವಾಗ ನೀವು ನಾಯಿ ಬಿಟ್ಟು ಹೋದ ಪಕ್ಕದ ಮನೆಯವರು, ಸಂತೆಯಿಂದ ಕುರಿ ತರುವ ಟೆಂಪೋ ಡ್ರೈವರ್, ಎಲ್ಲರ ಮೇಲೂ ಆ ಹೊತ್ತಿಗೆ ಹೊಣೆ ಇರುತ್ತದೆ. ಹಾಗಂತ ನಿಮ್ಮ ಹೊಣೆ ಹೋಗುವುದಿಲ್ಲ. 'ಆಳು ಬಿಟ್ಟುಬಿಟ್ಟ, ನನಗೇನು ಗೊತ್ತು' ಅಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಸರಿಯಾಗಿ ನೋಡಿಕೊಂಡಿದ್ದರೆ ಹಿಂಸೆ ತಪ್ಪುತ್ತಿತ್ತು ಎನ್ನುವಂತಿದ್ದರೆ, ಅದಕ್ಕೆ ಒಡೆಯರೂ ತಪ್ಪಿತಸ್ಥರು ಎಂದು ಈ ಕಾಯ್ದೆ ಹೇಳುತ್ತದೆ.

ಯಾವ ಯಾವ ಕಾನೂನು ಇದೆ

ಮೂಲ ಕಾನೂನು ಮೇಲೆ ಹೇಳಿದ 1960ರ ಕಾಯ್ದೆ. ಪ್ರಾಣಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ಅದರಲ್ಲಿದೆ. ಪ್ರಾಣಿಯಿಂದ ಜನರಿಗೆ ಅಪಾಯವಾದರೆ, ಅಥವಾ ನಿಮ್ಮ ಪ್ರಾಣಿಯನ್ನು ಯಾರಾದರೂ ಕೊಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಬರುತ್ತದೆ. ಇದು ಹಳೆಯ ಐಪಿಸಿಯ ಜಾಗಕ್ಕೆ ಬಂದ ಕಾನೂನು. ದನಕರುಗಳ ಮಾರಾಟ, ಸಾಗಾಟಕ್ಕೆ ರಾಜ್ಯದ ಕಾಯ್ದೆಗಳಿವೆ. ನಾಯಿ ಲೈಸೆನ್ಸ್‌ನಂಥ ವಿಷಯ ಆಯಾ ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಯ ಕೈಯಲ್ಲಿದೆ.

ಪ್ರಾಣಿಗೆ ಸಲ್ಲಬೇಕಾದದ್ದು

1960ರ ಕಾಯ್ದೆಯ 3ನೇ ಸೆಕ್ಷನ್ ಒಂದೇ ಮಾತು ಹೇಳುತ್ತದೆ: ಪ್ರಾಣಿಯ ಜವಾಬ್ದಾರಿ ಹೊತ್ತವರು ಅದರ ಕ್ಷೇಮಕ್ಕೆ ಬೇಕಾದ ಎಲ್ಲ ಕ್ರಮ ತೆಗೆದುಕೊಳ್ಳಬೇಕು, ಅನಗತ್ಯ ನೋವು ಆಗದಂತೆ ನೋಡಿಕೊಳ್ಳಬೇಕು. 11ನೇ ಸೆಕ್ಷನ್‌ನಲ್ಲಿ ಏನೇನು ಅಪರಾಧ ಎಂಬ ಉದ್ದ ಪಟ್ಟಿ ಇದೆ. ಹೊಡೆಯುವುದು, ಒದೆಯುವುದು, ತಾಳಲಾರದಷ್ಟು ಭಾರ ಹೇರುವುದು ಇವೆಲ್ಲ ನಮಗೆ ಗೊತ್ತಿರುವವೇ. ಗೊತ್ತಿಲ್ಲದ ಕೆಲವು ನಿತ್ಯ ನಮ್ಮ ಕಣ್ಣ ಮುಂದೆಯೇ ನಡೆಯುತ್ತವೆ.

ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ಅಥವಾ ಭಾರದ ಸರಪಳಿಯಲ್ಲಿ ತುಂಬಾ ಹೊತ್ತು ಕಟ್ಟುವುದು ಅಪರಾಧ. ಯಾವಾಗಲೂ ಕಟ್ಟಿಯೇ ಇಡುವ ನಾಯಿಯನ್ನು ಓಡಾಡಿಸದೆ ಇರುವುದು ಇನ್ನೊಂದು ಅಪರಾಧ. ತೋಟದ ಮೂಲೆಯಲ್ಲಿ ಪಂಪ್‌ಸೆಟ್ ಮನೆಗೆ ಕಟ್ಟಿ, ದಿನಕ್ಕೊಮ್ಮೆ ಅನ್ನ ಹಾಕಿ ಬರುವ ನಾಯಿಗಳ ಪಾಡು ಇದೇ ಅಲ್ವಾ? ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದೂ ಪಟ್ಟಿಯಲ್ಲಿದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಶೀಟ್ ಹೊದಿಸಿದ ಕೊಟ್ಟಿಗೆ ಕಾದ ಹೆಂಚಿನಂತಾಗುತ್ತದೆ. ನೆರಳು, ನೀರು ಎರಡೂ ಕಾನೂನಿನ ಅಗತ್ಯ ಎಂಬುದು ಆಗ ನೆನಪಿರಲಿ.

ಸಾಕು ಸಾಕೆನಿಸಿ ಪ್ರಾಣಿಯನ್ನು ಎಲ್ಲೋ ಬಿಟ್ಟು ಬರುವುದೂ ಅಪರಾಧವೇ. ಸೋಂಕು ರೋಗ ತಗುಲಿದ ಪ್ರಾಣಿಯನ್ನು ಬೀದಿಗೆ ಬಿಡುವುದೂ ಹಾಗೆಯೇ. ಆಂಧ್ರದ ಗಡಿ ಊರುಗಳಲ್ಲಿ ಸಂಕ್ರಾಂತಿ ಹೊತ್ತಿಗೆ ನಡೆಯುವ ಕೋಳಿ ಪಂದ್ಯ ಎಷ್ಟೇ ಹಳೆಯದಾದರೂ ಕಾನೂನಿನ ಕಣ್ಣಿನಲ್ಲಿ ಪ್ರಾಣಿಗಳನ್ನು ಕಾದಾಡಿಸುವ ಅಪರಾಧ.

ಎತ್ತಿನ ಗಾಡಿ ಇನ್ನೂ ಹೂಡುವವರಿಗೆ 1965ರ ನಿಯಮಗಳಿವೆ. ದಿನಕ್ಕೆ 9 ಗಂಟೆಗಿಂತ ಜಾಸ್ತಿ ದುಡಿಸಬಾರದು, ನಡುವೆ ವಿಶ್ರಾಂತಿ ಇಲ್ಲದೆ 5 ಗಂಟೆಗಿಂತ ಜಾಸ್ತಿ ಎಳೆಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು.

ಶಿಕ್ಷೆ ಎಷ್ಟು? ಮೊದಲ ಸಲ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರ ರೂಪಾಯಿ ಲೆಕ್ಕ ಇಂದಿಗೂ ಹಾಗೆಯೇ ಉಳಿದಿದೆ. ಹೆಚ್ಚಿಸಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡನ್ನೂ ಹೊರಡಿಸಿತ್ತು. ಮಾತು ಬಾರದ ಜೀವದ ನೋವಿಗೆ ಇಷ್ಟು ಅಗ್ಗದ ಬೆಲೆ ಕಟ್ಟಿರುವುದು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಆದರೆ 50 ರೂಪಾಯಿ ತಾನೆ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಪೊಲೀಸ್ ಕೇಸು, ಕೋರ್ಟಿನ ಅಲೆದಾಟ ಜೊತೆಗೇ ಬರುತ್ತವೆ. ಪ್ರಾಣಿಯನ್ನು ವಶಪಡಿಸಿಕೊಂಡರೆ ಅದರ ಮೇವಿನ, ಚಿಕಿತ್ಸೆಯ ಖರ್ಚನ್ನೂ ಆರೋಪಿಯಿಂದಲೇ ವಸೂಲಿ ಮಾಡಬಹುದು.

ಹಾಲು ಇಳಿಸುವ ಇಂಜೆಕ್ಷನ್ನಿನ ವಿಷಯ ಇದಕ್ಕಿಂತ ಗಂಭೀರ. ಕರು ಸತ್ತ ಹಸು ಸೊರೆ ಬಿಡುವುದಿಲ್ಲ ಎಂದು ಕೆಲವರು ವೈದ್ಯರನ್ನು ಕೇಳದೆ ಆಕ್ಸಿಟೋಸಿನ್ ಚುಚ್ಚುತ್ತಾರೆ. ಹಾಲು ಹೆಚ್ಚಿಸಲು ಹಸುವಿನ ಆರೋಗ್ಯಕ್ಕೆ ಹಾನಿಯಾಗುವಂಥ ಇಂಜೆಕ್ಷನ್ ಕೊಡುವುದನ್ನು ಇದೇ ಕಾಯ್ದೆಯ 12ನೇ ಸೆಕ್ಷನ್ ತಡೆಯುತ್ತದೆ. ಇದಕ್ಕೆ 1,000 ರೂಪಾಯಿವರೆಗೆ ದಂಡ ಅಥವಾ ಎರಡು ವರ್ಷದವರೆಗೆ ಜೈಲು, ಇಲ್ಲವೆ ಎರಡೂ. ಜೊತೆಗೆ ಹಸು ಸರ್ಕಾರದ ಪಾಲಾಗುತ್ತದೆ. ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧಗಳಲ್ಲಿ ಇದೂ ಒಂದು.

ನಮ್ಮ ನಾಯಿ ಕಚ್ಚಿದರೆ

ಮೊದಲು ಗಾಯ, ಆಮೇಲೆ ಕಾನೂನು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬಾರದು. ತಕ್ಷಣ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ರೇಬಿಸ್ ಲಸಿಕೆ ಉಚಿತ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧಿಯನ್ನೂ ಕೊಡುತ್ತಾರೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 'ಮನೆ ನಾಯಿ ತಾನೆ, ಏನೂ ಆಗಲ್ಲ' ಎಂಬ ಮಾತನ್ನು ನಂಬಬೇಡಿ. ಕಚ್ಚಿದ ನಾಯಿಯನ್ನು ಕೊಲ್ಲದೆ 10 ದಿನ ಕಟ್ಟಿಹಾಕಿ ಗಮನಿಸಬೇಕು. ಅಲ್ಲಿಯವರೆಗೆ ಕಾದು ಆಮೇಲೆ ಲಸಿಕೆ ಹಾಕಿಸೋಣ ಅಂದುಕೊಳ್ಳಬಾರದು. ಲಸಿಕೆ ಅಂದೇ ಶುರುವಾಗಬೇಕು.

ಇನ್ನು ಹೊಣೆ. ನ್ಯಾಯ ಸಂಹಿತೆಯ 291ನೇ ಸೆಕ್ಷನ್ ನೇರವಾಗಿ ಪ್ರಾಣಿ ಸಾಕಿದವರ ಬಗ್ಗೆಯೇ ಇದೆ. ತಮ್ಮ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗಬಹುದು ಎನ್ನುವಾಗ, ತಿಳಿದೋ ಅಸಡ್ಡೆಯಿಂದಲೋ ತಕ್ಕ ಎಚ್ಚರಿಕೆ ವಹಿಸದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಸಡ್ಡೆಯಿಂದ ಒಬ್ಬರ ಪ್ರಾಣವೇ ಹೋದರೆ 106ನೇ ಸೆಕ್ಷನ್ ಬರಬಹುದು. ಅದರಲ್ಲಿ ಐದು ವರ್ಷದವರೆಗೆ ಜೈಲಿದೆ.

ಇಲ್ಲಿ ಗಮನಿಸಬೇಕಾದದ್ದು 'ತಕ್ಕ ಎಚ್ಚರಿಕೆ' ಎಂಬ ಮಾತು. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಟ್ರ್ಯಾಕ್ಟರ್ ನಿಲ್ಲಿಸಿ ಹೋದವರನ್ನು ನೆನಪಿಸಿಕೊಳ್ಳಿ. ಅದು ಉರುಳಿ ಯಾರಿಗೋ ಬಡಿದರೆ 'ನಾನು ಅಲ್ಲಿ ಇರಲೇ ಇಲ್ಲ' ಎನ್ನುವ ಮಾತು ನಿಲ್ಲುವುದಿಲ್ಲ. ನಾಯಿಯ ವಿಷಯವೂ ಹಾಗೇ. ಹಿಂದೆ ಕಚ್ಚಿದ್ದು ಗೊತ್ತಿದ್ದೂ ಗೇಟು ತೆರೆದಿಟ್ಟಿದ್ದರೆ, ಬೆಲ್ಟ್ ಇಲ್ಲದೆ ರಸ್ತೆಗೆ ಬಿಟ್ಟಿದ್ದರೆ, ಹತೋಟಿ ಮಾಡಲಾಗದ ಚಿಕ್ಕ ಮಕ್ಕಳ ಕೈಗೆ ದೊಡ್ಡ ನಾಯಿಯ ಹಗ್ಗ ಕೊಟ್ಟಿದ್ದರೆ, ಅಸಡ್ಡೆ ಎನ್ನಲು ಅಷ್ಟು ಸಾಕಾಗಬಹುದು. 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡು ಒಳ್ಳೆಯದೇ. ಆದರೆ ಬೋರ್ಡು ಹಾಕಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಓದಲು ಬಾರದ ಮಗುವೂ ಗೇಟಿನ ಹತ್ತಿರ ಬರುತ್ತದೆ.

ಕ್ರಿಮಿನಲ್ ಕೇಸು ಒಂದು ದಾರಿ. ಗಾಯಗೊಂಡವರು ಸಿವಿಲ್ ಕೋರ್ಟಿನಲ್ಲಿ ಚಿಕಿತ್ಸೆಯ ಖರ್ಚು, ಕೂಲಿ ನಷ್ಟ ಕೇಳುವುದು ಇನ್ನೊಂದು. ಎರಡೂ ಒಟ್ಟಿಗೆ ನಡೆಯಬಹುದು. ಊರಿನಲ್ಲಿ ಹೆಚ್ಚಿನವು ಹಿರಿಯರ ಮುಂದೆ ಖರ್ಚು ಕೊಟ್ಟು ಮುಗಿಯುತ್ತವೆ. ಹಾಗೆ ಮುಗಿಸುವುದಾದರೂ ಕಾಗದದ ಮೇಲೆ ಬರೆದು ಸಹಿ ಹಾಕಿಸಿಕೊಳ್ಳಿ ಎಂದು ಎರಡೂ ಕಡೆಯವರಿಗೆ ಹೇಳುತ್ತೇನೆ.

ಈ ಎಲ್ಲದರಲ್ಲೂ ನಿಮ್ಮನ್ನು ಕಾಪಾಡುವುದು ನಾಯಿಯ ಲಸಿಕೆ ಪುಸ್ತಕ. ಮೂರು ತಿಂಗಳ ಮರಿಗೆ ಮೊದಲ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯುತ್ತವೆ.

ಸಾಕುನಾಯಿ, ಬೀದಿನಾಯಿ, ನಡುವಿನ ನಾಯಿ

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಾಯಿಗಳನ್ನು ಎರಡಾಗಿ ನೋಡುತ್ತವೆ. ಸಾಕುನಾಯಿಯ ಲಸಿಕೆ, ಸಂತಾನ ನಿಯಂತ್ರಣ ಮಾಲೀಕರ ಹೊಣೆ. ಬೀದಿನಾಯಿಯದು ಸ್ಥಳೀಯ ಸಂಸ್ಥೆಯ ಹೊಣೆ. ನಮ್ಮ ಊರುಗಳಲ್ಲಿ ಮೂರನೆಯ ಬಗೆಯೂ ಇದೆ: ರಾತ್ರಿ ನಿಮ್ಮ ಜಗಲಿಯಲ್ಲಿ ಮಲಗುತ್ತದೆ, ನೀವು ಕರೆದ ಹೆಸರಿಗೆ ಓಡಿ ಬರುತ್ತದೆ, ಹಗಲೆಲ್ಲ ಬೀದಿ ಸುತ್ತುತ್ತದೆ. ಒಂದು ತುತ್ತು ಅನ್ನ ಹಾಕಿದ ಮಾತ್ರಕ್ಕೆ ನೀವು ಮಾಲೀಕರೆಂದು ನಿಯಮ ಹೇಳುವುದಿಲ್ಲ. ಆದರೆ ಬೆಲ್ಟ್ ಕಟ್ಟಿ, ಹೊಲ ಕಾಯಲು ಇಟ್ಟುಕೊಂಡಿದ್ದೀರಿ ಅಂದರೆ ಅದು ನಿಮ್ಮ ವಶದಲ್ಲಿದೆ ಎಂದೇ ಅರ್ಥ.

ಬೀದಿನಾಯಿಗಳಿಗೆ ಊಟ ಹಾಕುವವರಿಗೆ ತೊಂದರೆ ಕೊಡುವಂತಿಲ್ಲ. ಎಲ್ಲೆಂದರಲ್ಲಿ ಹಾಕುವಂತೆಯೂ ಇಲ್ಲ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಓಡಾಡುವ ದಾರಿ ಬಿಟ್ಟು ಗೊತ್ತುಮಾಡಿದ ಜಾಗದಲ್ಲಿ ಹಾಕಬೇಕು. ಬೀದಿಯಲ್ಲಿ ಕಂಡಕಂಡಲ್ಲಿ ಹಾಕಬಾರದು ಎಂದು ಆಗಸ್ಟ್ 22ರ ಆದೇಶವೂ ಹೇಳಿದೆ.

ತಳಿ ನಿಷೇಧದ ಬಗ್ಗೆ ಗೊಂದಲ ಇದೆ. ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ತಡೆಯಲು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಲಾಗಿದೆ ಎಂದು ಕರ್ನಾಟಕ ಹೈಕೋರ್ಟು ಅದೇ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದು ಮಾಡಿತು. ಆದರೂ ಅಂಥ ಬಲವಾದ ನಾಯಿಯನ್ನು ತರುವವರಿಂದ ಕಾನೂನು ಹೆಚ್ಚಿನ ಎಚ್ಚರಿಕೆಯನ್ನೇ ಬಯಸುತ್ತದೆ. ಮರಿ ಕೊಳ್ಳುವಾಗ ಎಂಟು ವಾರ ತುಂಬಿದೆಯೇ ನೋಡಿ. ಅದಕ್ಕಿಂತ ಚಿಕ್ಕದನ್ನು ಮಾರುವಂತಿಲ್ಲ.

ದನ ರಸ್ತೆಗೆ ಬಂದರೆ, ಹೊಲಕ್ಕೆ ನುಗ್ಗಿದರೆ

ಹೆದ್ದಾರಿ ಪಕ್ಕ ಹಸು ಮೇಯಲು ಬಿಟ್ಟು, ಅದು ರಸ್ತೆಗೆ ಬಂದು ಅಪಘಾತವಾದರೆ ಮಾಲೀಕರ ಅಸಡ್ಡೆಯ ಪ್ರಶ್ನೆ ಬರುತ್ತದೆ. ಅದೇ, ಹಗ್ಗ ಹಿಡಿದು ರಸ್ತೆ ದಾಟಿಸುತ್ತಿದ್ದ ಹಸುವಿಗೆ ವೇಗದ ಲಾರಿ ಗುದ್ದಿದರೆ ಪರಿಹಾರ ಕೇಳುವ ಹಕ್ಕು ನಿಮ್ಮದು. ಹಸು ಕಾನೂನಿನ ಲೆಕ್ಕದಲ್ಲಿ ನಿಮ್ಮ ಆಸ್ತಿ. ಆಸ್ತಿ ನಷ್ಟಕ್ಕೆ ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ವಾಹನದ ನಂಬರು, ಫೋಟೋ, ಪೊಲೀಸ್ ದೂರು, ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಬೇಜಾರಿನಲ್ಲಿ ಹಸುವನ್ನು ಅಂದೇ ಹೂತುಬಿಟ್ಟರೆ ಸಾಕ್ಷಿಯೂ ಹೂತುಹೋಗುತ್ತದೆ.

ಹೊಲಕ್ಕೆ ನುಗ್ಗಿದ ದನದ ವಿಷಯಕ್ಕೆ ಹಳೆಯ ದಾರಿಯೊಂದಿದೆ. ಅದೇ ದನದ ದೊಡ್ಡಿ. ಕರ್ನಾಟಕದ 1966ರ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆಯ ಪ್ರಕಾರ, ಬೆಳೆ ಹಾಳುಮಾಡಿದ ದನವನ್ನು ಹಿಡಿದು ದೊಡ್ಡಿಗೆ ಸೇರಿಸಬಹುದು. ಮಾಲೀಕರು ದಂಡ, ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ಎಷ್ಟೋ ಊರಿನಲ್ಲಿ ದೊಡ್ಡಿಯ ಗೋಡೆ ಬಿದ್ದುಹೋಗಿದೆ. ಆದರೂ ಹಿಡಿದ ದನಕ್ಕೆ ಹೊಡೆಯುವ, ಕಾಲು ಮುರಿಯುವ ಹಕ್ಕು ಹೊಲದ ಒಡೆಯರಿಗೆ ಎಂದೂ ಇರಲಿಲ್ಲ. ಹಿಡಿದ ದನವನ್ನು ಬಲವಂತವಾಗಿ ಬಿಡಿಸಿಕೊಂಡು ಹೋಗುವ ಹಕ್ಕು ದನದ ಒಡೆಯರಿಗೂ ಇಲ್ಲ.

ಗಂಡು ಕರು, ಮುದಿ ಹಸು: ದೊಡ್ಡ ಇಕ್ಕಟ್ಟು

ನಮ್ಮ ಜಿಲ್ಲೆಯ ಹೈನುಗಾರರನ್ನು ಜಾಸ್ತಿ ಕಾಡುವ ವಿಷಯ ಇದು. ಸೀಮೆಹಸು ಗಂಡು ಕರು ಹಾಕಿದರೆ ಉಳುಮೆಗೆ ಬೇಡ, ಸಾಕಲು ಖರ್ಚು. ಹಾಗಂತ ಕೆರೆ ಅಂಗಳದಲ್ಲೋ ದೇವಸ್ಥಾನದ ಹತ್ತಿರವೋ ಬಿಟ್ಟು ಬಂದರೆ ಅದು ಮೇಲೆ ಹೇಳಿದ ಅಪರಾಧ.

2021ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ ಹಸು, ಕರು, ಹೋರಿ, ಎತ್ತುಗಳನ್ನು ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ. ಎಮ್ಮೆ, ಕೋಣ 13 ವರ್ಷ ದಾಟಿದ್ದರೆ ಮಾತ್ರ, ಅಧಿಕಾರಿಯ ಪ್ರಮಾಣಪತ್ರ ಪಡೆದು ಕಡಿಯಬಹುದು. ಕಡಿಯಲೆಂದು ತಿಳಿದೂ ಮಾರುವುದು, ಸಾಗಿಸುವುದು ಕೂಡ ಅಪರಾಧ. ಕಡಿದರೆ ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ಒಂದು ಜಾನುವಾರಿಗೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ.

ಹಾಗಾದರೆ ಬೇಸಾಯಕ್ಕೆ, ಹೈನಿಗೆ ಹಸು ಮಾರಬಾರದೇ? ಮಾರಬಹುದು, ಕೊಳ್ಳಬಹುದು. ಆವಣಿ ಜಾತ್ರೆಯಿಂದ ಜೋಡೆತ್ತು ಹೊಡೆದುಕೊಂಡು ಬರುವುದಕ್ಕೆ ಕಾನೂನು ಅಡ್ಡಿ ಮಾಡುವುದಿಲ್ಲ. ಆದರೆ ವಾಹನದಲ್ಲಿ ಸಾಗಿಸುವಾಗ ಕಾಗದ ಜೊತೆಗಿರಬೇಕು: ಯಾರಿಂದ ಯಾರಿಗೆ ಎಂಬ ರಸೀದಿ, ದನದ ಕಿವಿಗೆ ಹಾಕಿರುವ ಓಲೆಯ ನಂಬರು, ಪ್ರಯಾಣಕ್ಕೆ ಆರೋಗ್ಯ ಸರಿಯಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ. 1978ರ ಸಾಗಾಟ ನಿಯಮದಂತೆ ಸಾಮಾನ್ಯ ಸರಕು ವಾಹನದಲ್ಲಿ ಆರಕ್ಕಿಂತ ಜಾಸ್ತಿ ದನ ತುಂಬಬಾರದು. ಜೊತೆಗೆ ನೋಡಿಕೊಳ್ಳುವ ಒಬ್ಬರು ಇರಬೇಕು.

ದಾರಿಯಲ್ಲಿ ವಾಹನ ತಡೆದರೆ ಒಂದು ವಿಷಯ ನೆನಪಿರಲಿ. ಈ ಕಾಯ್ದೆಯಡಿ ತಪಾಸಣೆ, ಜಪ್ತಿಯ ಅಧಿಕಾರ ಇರುವುದು ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನ ದರ್ಜೆಯ ಪೊಲೀಸರಿಗೆ ಹಾಗೂ ಸರ್ಕಾರ ನೇಮಿಸಿದ ಅಧಿಕಾರಿಗೆ. ಬೇರೆ ಯಾರೇ ತಡೆದರೂ ಜಗಳಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಿ.

ಗಂಡು ಕರುವಿನ ಸಮಸ್ಯೆಗೆ ಕಾನೂನಿನಲ್ಲಿ ಸುಲಭದ ಪರಿಹಾರ ಇಲ್ಲ. ಗೋಶಾಲೆಗೆ ಕೊಡಬಹುದು. ಕೊಡುವಾಗ ಸ್ವೀಕೃತಿ ಪಡೆಯಿರಿ. ಹೆಣ್ಣು ಕರು ಹುಟ್ಟುವ ಸಾಧ್ಯತೆ ಹೆಚ್ಚಿಸುವ ಲಿಂಗ ನಿರ್ಧರಿತ ವೀರ್ಯದ ಕಡ್ಡಿಗಳು ಈಗ ಸಿಗುತ್ತವೆ. ಕೃತಕ ಗರ್ಭಧಾರಣೆ ಮಾಡಿಸುವ ಮೊದಲೇ ಡೇರಿಯಲ್ಲೋ ಪಶು ಆಸ್ಪತ್ರೆಯಲ್ಲೋ ಕೇಳಿ. ಹುಟ್ಟಿದ ಮೇಲೆ ಬಿಟ್ಟು ಬರುವುದಕ್ಕಿಂತ ಹುಟ್ಟುವ ಮುಂಚೆ ಯೋಚಿಸುವುದು ಕರುವಿಗೂ ನಿಮಗೂ ಒಳ್ಳೆಯದು.

ಕಿವಿಯೋಲೆ, ರೋಗ, ವಿಮೆ

ಹಸುವಿನ ಕಿವಿಯಲ್ಲಿರುವ ಹಳದಿ ಓಲೆಯಲ್ಲಿ 12 ಅಂಕಿಗಳಿವೆ. ಹಸುವಿನ ಲಸಿಕೆ, ಗರ್ಭಧಾರಣೆ, ಮಾಲೀಕರ ಹೆಸರು ಎಲ್ಲ ಆ ನಂಬರಿಗೆ ಸೇರಿಕೊಂಡಿರುತ್ತವೆ. ಓಲೆ ಬಿದ್ದುಹೋದರೆ ಕೂಡಲೇ ಹೊಸದು ಹಾಕಿಸಿ. ವಿಮೆ ಮಾಡಿಸಿದ ಹಸು ಸತ್ತಾಗ ಓಲೆ ಇಲ್ಲದಿದ್ದರೆ ವಿಮೆ ಕಂಪನಿ ದುಡ್ಡು ಕೊಡಲು ತಕರಾರು ತೆಗೆಯುತ್ತದೆ. ಹಸು ಕೊಂಡವರೂ ಓಲೆಯ ನಂಬರನ್ನು ತಮ್ಮ ಹೆಸರಿಗೆ ಬದಲಿಸಿಕೊಳ್ಳಬೇಕು.

ಸೋಂಕು ರೋಗಗಳಿಗೆ 2009ರ ಕಾಯ್ದೆ ಇದೆ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ, ರೇಬಿಸ್, ನೆರಡಿ (ಆಂಥ್ರಾಕ್ಸ್) ರೋಗದಂಥವುಗಳ ಅನುಮಾನ ಬಂದರೆ ಪಶು ಆಸ್ಪತ್ರೆಗೋ ಪಂಚಾಯಿತಿಗೋ ತಿಳಿಸುವುದು ಮಾಲೀಕರ ಕರ್ತವ್ಯ. ರೋಗದ ಪ್ರಾಣಿಯನ್ನು ಬೇರೆ ಕಟ್ಟಬೇಕು, ಸಂತೆಗೆ ಹೊಡೆಯಬಾರದು. ನೆರಡಿಯಿಂದ ಸತ್ತ ಕುರಿಯನ್ನು ಕೊಯ್ಯುವುದಂತೂ ಕೊಯ್ದವರ ಜೀವಕ್ಕೇ ಅಪಾಯ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿದರೆ ಸಾಕು. ಕುರಿ, ಹಸು ಆಕಸ್ಮಿಕವಾಗಿ ಸತ್ತರೆ ರಾಜ್ಯದ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೇಳಬಹುದು. ಅದಕ್ಕೂ ಪಶುವೈದ್ಯರ ವರದಿ ಬೇಕು.

ನಿಮ್ಮ ಪ್ರಾಣಿಗೆ ಯಾರಾದರೂ ಕೇಡು ಮಾಡಿದರೆ

ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇಲ್ಲಿ ನಿಮ್ಮ ಬಲ. ಕೇಡು ಮಾಡುವ ಉದ್ದೇಶದಿಂದ ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ಪ್ರಾಣಿಯ ಬೆಲೆ 10 ರೂಪಾಯಿಯೋ 50 ರೂಪಾಯಿಯೋ ಎಂದು ನೋಡಿ ಶಿಕ್ಷೆ ಕೊಡುತ್ತಿದ್ದರು. ಈಗ ಬೆಲೆಯ ಲೆಕ್ಕ ಇಲ್ಲ. ಬೆಲೆ ಬಾಳದ ಬೀದಿನಾಯಿಗೂ ಸೀಮೆಹಸುವಿಗೂ ಒಂದೇ ಸೆಕ್ಷನ್.

ವಿಷ ಹಾಕಿದ ಅನುಮಾನ ಇದ್ದರೆ ತಕ್ಷಣ ಸರ್ಕಾರಿ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಠಾಣೆಗೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ತಡ ಮಾಡಬೇಡಿ. 1960ರ ಕಾಯ್ದೆಯಡಿ ಕೇಸು ಹೂಡಲು ಘಟನೆಯಾದ ಮೂರು ತಿಂಗಳಷ್ಟೇ ಗಡುವು.

ಹಂದಿ ಕಾಟಕ್ಕೆಂದು ಬೇಲಿಗೆ ನೇರ ಕರೆಂಟ್ ಕೊಡುವವರಿದ್ದಾರೆ. ಇದು ಯಾವ ಕಾನೂನಿನಲ್ಲೂ ಒಪ್ಪಿತವಲ್ಲ. ಪಕ್ಕದವರ ಹಸು ಸತ್ತರೆ ನಷ್ಟ ಕಟ್ಟಿಕೊಡಬೇಕು, ಮನುಷ್ಯರು ಸತ್ತರೆ ಇನ್ನೂ ದೊಡ್ಡ ಕೇಸು.

ಪಟ್ಟಣದಲ್ಲಿ ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕಬಾರದು ಎಂದು ಒಟ್ಟಾರೆ ನಿಷೇಧ ಹಾಕುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ನಾಯಿಯ ಮಲ ತೆಗೆಯುವುದು, ಸದಾ ಬೊಗಳಿ ಅಕ್ಕಪಕ್ಕದವರ ನಿದ್ದೆ ಕೆಡಿಸದಂತೆ ನೋಡಿಕೊಳ್ಳುವುದು ಸಾಕಿದವರ ಕೆಲಸ. ಬಾಡಿಗೆ ಮನೆಯಾದರೆ ಕರಾರಿನಲ್ಲಿ ಏನಿದೆ ಎಂದು ಸಹಿ ಹಾಕುವ ಮೊದಲೇ ಓದಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಸಾಕಲೇಬಾರದವು

ಗಿಣಿಯನ್ನು ಪಂಜರದಲ್ಲಿ ಇಡುವುದು ತಪ್ಪು ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ನಮ್ಮ ನೆಲದ ಗಿಣಿ, ಗೌಜಲಕ್ಕಿ, ಕಾಡುಮೊಲ, ನಕ್ಷತ್ರ ಆಮೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಇವನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಆಮೆ ಇದ್ದರೆ ಮನೆಗೆ ದುಡ್ಡು ಬರುತ್ತದೆ ಎಂಬ ನಂಬಿಕೆಯಿಂದ ನಕ್ಷತ್ರ ಆಮೆ ತಂದವರು ಜೈಲಿನ ದಾರಿ ಹಿಡಿದಂತೆ. ಗಾಯಗೊಂಡ ಹಕ್ಕಿ, ಪ್ರಾಣಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ. ಅಂಗಡಿಯಲ್ಲಿ ಸಿಗುವ ಲವ್ ಬರ್ಡ್ಸ್, ಬಿಳಿ ಮೊಲ ಸಾಕಬಹುದು. ಮಕಾವ್, ಆಫ್ರಿಕನ್ ಗ್ರೇ ಗಿಣಿ, ಇಗುವಾನದಂಥ ಹೊರದೇಶದ ಪ್ರಾಣಿಗಳಿದ್ದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ಸತ್ತರೂ ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

ಎಲ್ಲಿ ಕೇಳಬೇಕು

ರೋಗ, ಲಸಿಕೆ, ಪ್ರಮಾಣಪತ್ರಕ್ಕೆ ತಾಲ್ಲೂಕು ಪಶು ಆಸ್ಪತ್ರೆ. ನಾಯಿ ಲೈಸೆನ್ಸ್‌ಗೆ, ಬೀದಿನಾಯಿ ದೂರಿಗೆ ನಗರಸಭೆ ಅಥವಾ ಪಂಚಾಯಿತಿ. ಹಿಂಸೆ ಕಂಡರೆ ಪೊಲೀಸ್ ಠಾಣೆ ಅಥವಾ ಜಿಲ್ಲೆಯ ಪ್ರಾಣಿ ದಯಾ ಸಂಘ. ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವವರಿಗೆ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100. ಹೋಗುವಾಗ ಲಸಿಕೆ ಪುಸ್ತಕ, ಓಲೆ ನಂಬರು, ಖರೀದಿ ರಸೀದಿ, ಫೋಟೋ ಇವನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.